ಫೋಟೊದಲ್ಲಿ ನೀನು ಬರಬಾರದು

ಹಾಲಕ್ಕನಿಗೆ ಮೈಯೆಲ್ಲಾ ಉರಿಯುತ್ತಿತ್ತು. ಉರಿಯದೆ ಇನ್ನೇನು? ಮೂರು ಹಸುಗಳ ಸಗಣಿ ಬಾಚಿ, ಮೇವು ಹಾಕಿ, ಎರಡು ಹೊತ್ತೂ ಹಾಲು ಕರೆದು ಡೇರಿಗೆ ಹೊರುವವಳು ಅವಳು. ಆ ಹಾಲಿಗೆ ಸರ್ಕಾರ ಲೀಟರ್ ಲೆಕ್ಕದಲ್ಲಿ ಕೊಡುವ ಸಹಾಯಧನ ಮಾತ್ರ ಪೇಟೆಯಲ್ಲಿ ಟೈರ್ ಅಂಗಡಿ ಇಟ್ಟುಕೊಂಡ ಅಣ್ಣನ ಖಾತೆಗೆ! ಅಪ್ಪ ತೀರಿಕೊಂಡ ವರ್ಷ ಹಸುಗಳಿಗೆ ನಂಬರಿನ ಕಿವಿಯೋಲೆ ಹಾಕಲು ಬಂದವರು, ಹಸುವಿನ ಕತ್ತು ತಬ್ಬಿ ಹಿಡಿದಿದ್ದ ಇವಳನ್ನು ಬಿಟ್ಟು, ಕುರ್ಚಿಯಲ್ಲಿ ಕೂತಿದ್ದ ಅಣ್ಣನ ಹೆಸರು ಬರೆದುಕೊಂಡು ಹೋಗಿದ್ದರು.

ಹೆಸರು ಬದಲಾಯಿಸಲು ಅಣ್ಣನ ಸಹಿ ಬೇಕು. ಕೇಳಿದಾಗಲೆಲ್ಲ "ನಾಳೆ ನೋಡೋಣ" ಎಂದು ಜಾರಿಕೊಳ್ಳುತ್ತಿದ್ದ. ಹಿಂಡಿ ತರಲು ಕೈಯೊಡ್ಡಿದರೆ ತನ್ನ ಗಂಟೇ ಕರಗಿದವನ ಹಾಗೆ ಮುಖ ಮಾಡುತ್ತಿದ್ದ.

ಸಹಾಯಧನದ ದಾಖಲೆಗೆಂದು ವರ್ಷಕ್ಕೊಮ್ಮೆ ಪಶುವೈದ್ಯರು ಬಂದು, ಹಸುವಿನ ಬೆನ್ನ ಮೇಲೆ ಕೈಯಿಟ್ಟ ಮಾಲೀಕನ ಫೋಟೊ ತೆಗೆಯಬೇಕು. ಈ ಸಲ ಸಂಜೆ, ಹಾಲು ಕರೆಯುವ ಹೊತ್ತಿಗೇ ಬಂದರು. ಅಣ್ಣ ಇಸ್ತ್ರಿ ಶರ್ಟ್ ಹಾಕಿಕೊಂಡು ಬಂದು ನಿಂತ. ಹಸು ಬೆದರಿ ಹಿಂದೆ ಸರಿಯಿತು.

"ಹಗ್ಗ ಸ್ವಲ್ಪ ಹಿಡ್ಕೊಳಮ್ಮ," ಎಂದರು ವೈದ್ಯರು. "ಇನ್ನೂ ಆ ಕಡೆ ಹೋಗು. ಫೋಟೊದಲ್ಲಿ ನೀನು ಬರಬಾರದು."

ಅಷ್ಟೇ ಸಾಕಾಯಿತು. ಹಾಲಕ್ಕ ಹಗ್ಗ ಕೈಬಿಟ್ಟು, ಬಕೆಟ್ ತಂದು ಅಣ್ಣನ ಕಾಲ ಬುಡದಲ್ಲಿ ಕುಕ್ಕಿದಳು.

"ಮಾಲೀಕ ನೀನಲ್ವೇನಣ್ಣ? ಕರಿ. ನಾನು ಇವತ್ತೂ ಕರೆಯಲ್ಲ, ನಾಳೆನೂ ಕರೆಯಲ್ಲ. ಡೇರಿಗೆ ಹಾಲೇ ಹೋಗದೆ ಅದು ಹೇಗೆ ದುಡ್ಡು ಬರತ್ತೋ ನಾನೂ ನೋಡ್ತೀನಿ!"

"ಅಕ್ಕಪಕ್ಕದವರು ನೋಡ್ತಿದಾರೆ, ಸುಮ್ನಿರೇ!"

"ನೋಡ್ಲಿ ಬಿಡು, ಟಿಕೆಟ್ ಏನೂ ಇಟ್ಟಿಲ್ಲ."

ಹೋಗಿ ಮೆಟ್ಟಿಲ ಮೇಲೆ ಕೈಕಟ್ಟಿ ಕೂತಳು. ಅಣ್ಣ ಶರ್ಟಿನ ತೋಳು ಮಡಚಿ ಕೆಚ್ಚಲಿಗೆ ಕೈ ಹಾಕಿದ್ದೇ ತಡ, ಹಸು ಝಾಡಿಸಿ ಒದ್ದಿತು. ಬಕೆಟ್ ಅತ್ತ, ಅಣ್ಣ ಇತ್ತ ಸಗಣಿಯಲ್ಲಿ. ಹೊತ್ತು ಮೀರಿತು. ಕೆಚ್ಚಲು ಬಿಗಿದು, ಮೂರೂ ಹಸುಗಳು ಇವಳತ್ತಲೇ ಕತ್ತು ತಿರುಗಿಸಿ ಕೂಗತೊಡಗಿದವು. ಒಂದೊಂದು ಕೂಗಿಗೂ ಹಾಲಕ್ಕ ಏಳಹೋಗಿ ಮತ್ತೆ ಕೂರುತ್ತಿದ್ದಳು. ಅಪ್ಪನ ಹೆಣ ಮನೆಯಲ್ಲಿದ್ದ ದಿನವೂ ಅವುಗಳನ್ನು ಕಾಯಿಸಿದವಳಲ್ಲ ಅವಳು. ಆದರೂ ಹಲ್ಲು ಕಚ್ಚಿಕೊಂಡು ಕೂತಳು.

"ಹೆಸರು ಬದಲಾಯಿಸೋ ಅರ್ಜಿ ನನ್ನ ಹತ್ರನೇ ಇದೆ, ನಿಮ್ಮದೊಂದು ಸಹಿ ಹಾಕಿ ಮುಗಿಸಿಬಿಡಿ," ಎಂದರು ವೈದ್ಯರು ಅಣ್ಣನಿಗೆ. "ಕೆಚ್ಚಲು ಬಾವು ಬಂದ್ರೆ ಹಾಲೂ ಇಲ್ಲ, ದುಡ್ಡೂ ಇಲ್ಲ."

"ಆಯ್ತು ತಾಯಿ, ತಗೋ! ನೀನೇ ಉದ್ಧಾರ ಆಗು!" ಅಣ್ಣ ಸಹಿ ಗೀಚಿ, ಶರ್ಟ್ ಒರೆಸಿಕೊಳ್ಳುತ್ತಾ ದುಡುದುಡು ಹೊರಟುಹೋದ.

"ಬಾಮ್ಮ, ಈಗ ನಿನ್ನ ಫೋಟೊ."

"ಇರಿ ಸಾರ್, ನಿಮ್ಮ ಫೋಟೊ ಎಲ್ಲೂ ಓಡಿಹೋಗಲ್ಲ," ಎಂದು ಹಾಲಕ್ಕ ಹಸುವಿನ ಪಕ್ಕ ಕುಕ್ಕರಿಸಿದಳು. ಮೊಲೆ ಮುಟ್ಟಿದೊಡನೆ ಹಸು ನೋವಿಗೆ ಕಾಲೆತ್ತಿತು. ಇವಳಿಗೆ ಎಂದೂ ಕಾಲೆತ್ತಿದ ಹಸುವಲ್ಲ ಅದು. ಗೆದ್ದ ಖುಷಿ ಎಲ್ಲಿತ್ತೋ, ಸಿಟ್ಟು ಅಳು ಎರಡೂ ಒಟ್ಟಿಗೇ ಉಕ್ಕಿಬಂದವು.

"ಒದಿ ಕಣೇ, ನನ್ನನ್ನೂ ಒದಿ," ಎಂದಳು. "ಅವನನ್ನ ಬಗ್ಗಿಸೋಕೆ ನಿನ್ನನ್ನ ನೋಯಿಸಬೇಕಾಯ್ತಲ್ಲೇ."