ಮೇಜಿನ ಮೇಲೆ ಓಡುವ ಬಸ್ಸು

ಕೊಪ್ಪದಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಮೊದಲು ಕೈಯಲ್ಲೇ ಬೋರ್ಡು ಬರೆಯುತ್ತಿದ್ದೆ. ಈಗ ಅಕ್ಷರ ಬರೆಯುವ ಕೆಲಸ ಮೆಷಿನ್ನಿನದು, ಕತ್ತರಿಸಿ ಅಂಟಿಸುವುದು ನನ್ನದು. ಕತ್ತರಿಸಿ ಉಳಿದ ಸನ್‌ಬೋರ್ಡಿನ ಚೂರುಗಳು ಮೂಲೆಯಲ್ಲಿ ರಾಶಿ ಬೀಳುತ್ತವೆ. ಹಗುರವಾದ ಬಿಳಿ ಹಲಗೆ, ಬ್ಲೇಡು ತಾಗಿಸಿದರೆ ಬೆಣ್ಣೆಯ ಹಾಗೆ ಸೀಳುತ್ತದೆ. ಎಸೆಯಲು ಮನಸ್ಸಾಗದೆ ಇಟ್ಟುಕೊಂಡದ್ದು ಮುಂದೆ ಹೀಗೆ ಉಪಯೋಗಕ್ಕೆ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಮೆಷಿನ್ನಿನ ಕೆಲಸ ಕಲಿಯಲು ಮಂಗಳೂರಿಗೆ ಹೋಗಿದ್ದಾಗ ಅಲ್ಲಿಯ ಮೆಕ್ಯಾನಿಕ್ಕೊಬ್ಬರ ಮನೆಯಲ್ಲಿ ಮೇಜಿನ ಮೇಲೆ ಆಡುವ ಯುದ್ಧದಾಟ ನೋಡಿದೆ. ಹೆಬ್ಬೆರಳಿನಷ್ಟು ಎತ್ತರದ ಸೈನಿಕರು, ಎರಡು ಪಕ್ಷ. ಟೇಪು ಹಿಡಿದು ಅಳೆದು ಸೈನಿಕನನ್ನು ಮುಂದೆ ಸರಿಸಬೇಕು. ಹೊಡೆತ ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಬರಿಯ ಮೇಜಿನ ಮೇಲೆ ಆಡಿದರೆ ರುಚಿಯಿಲ್ಲ. ಅಡಗಲು ಗೋಡೆ ಬೇಕು, ಹತ್ತಲು ಗುಡ್ಡ ಬೇಕು, ದಾಟಲು ಸೇತುವೆ ಬೇಕು. ಅವರು ಅದನ್ನೆಲ್ಲ ಹೊರದೇಶದಿಂದ ತರಿಸಿದ್ದರು. ನನಗೆ ಆಟಕ್ಕಿಂತ ಆ ಗೋಡೆಗಳ ಮೇಲೇ ಕಣ್ಣು ಹೋಯಿತು. ಇಂಥದ್ದನ್ನು ನಾನೇ ಮಾಡಬಹುದಲ್ಲ ಅನ್ನಿಸಿತು.

ಊರಿಗೆ ಬಂದು ಗುಜರಿ ಅಂಗಡಿಯ ಗೆಳೆಯನಿಗೆ ಹೇಳಿದೆ. ನಾವಿಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಅವನ ತಂದೆಯ ಕಾಲದಿಂದ ಇರುವ ಅಂಗಡಿ. ಅವನ ಗೂಡ್ಸ್ ಆಟೋ ಶೃಂಗೇರಿ, ಜಯಪುರ, ನರಸಿಂಹರಾಜಪುರ ಎಲ್ಲ ಕಡೆ ಸುತ್ತುತ್ತದೆ. ನಾನು ಹೇಳಿದ್ದನ್ನು ಅವನು ಪೂರ್ತಿ ಕೇಳಿದ.

"ದೊಡ್ಡವರು ಆಡ್ತಾರಾ ಇದನ್ನ?"

"ಆಡ್ತಾರೆ."

"ಹಾಗಾದ್ರೆ ಹೊರಗೆ ಮೇಜು ಹಾಕಬೇಡ ಮಾರಾಯ. ನನ್ನ ಗೋಡೌನಿನಲ್ಲಿ ಜಾಗ ಉಂಟು."

ಹಾಗೆ ಶುರುವಾಯಿತು. ಶುಕ್ರವಾರ ಮಸೀದಿಯಿಂದ ವಾಪಸು ಹೋಗುವಾಗ ಅವನು ನನ್ನ ಅಂಗಡಿಯಲ್ಲಿ ಒಂದು ಚೀಲ ಇಳಿಸಿ ಹೋಗುತ್ತಿದ್ದ. ಚಕ್ರ ಹೋದ ಜೆಸಿಬಿ, ಮಕ್ಕಳ ಅಡುಗೆ ಸೆಟ್ಟು, ಕೀಬೋರ್ಡು, ಒಡೆದ ಮಿಕ್ಸಿ ಜಾರು. ಆಟದ ಗ್ಯಾಸ್ ಸಿಲಿಂಡರುಗಳನ್ನು ಸಾಲಾಗಿ ಅಂಟಿಸಿದರೆ ಎಣ್ಣೆಯ ಟ್ಯಾಂಕು. ಕೀಬೋರ್ಡಿನ ಗುಂಡಿಗಳನ್ನು ಒತ್ತೊತ್ತಾಗಿ ಅಂಟಿಸಿದರೆ ಕಲ್ಲು ಹಾಸಿದ ನೆಲ. ಎಲ್ಲಕ್ಕೂ ಮೊದಲು ಕಪ್ಪು ಬಣ್ಣ ಹೊಡೆಯಬೇಕು, ಆಮೇಲೆ ಒಣಗಿದ ಬ್ರಷ್ಷಿನಲ್ಲಿ ಬೂದು ಬಣ್ಣ ಸವರಬೇಕು. ಕಪ್ಪು ಬಿದ್ದ ಕೂಡಲೇ ಕೆಂಪು, ಹಳದಿ, ಗೊಂಬೆಯ ನಗು ಎಲ್ಲ ಮಾಯವಾಗಿ ಆಕಾರ ಒಂದೇ ಉಳಿಯುತ್ತದೆ. ಬೋರ್ಡು ಬರೆಯುತ್ತಿದ್ದಾಗಿನ ಬ್ರಷ್ಷುಗಳು ಮತ್ತೆ ಕೈಗೆ ಬಂದವು. ಮೊದಲ ವರ್ಷ ಮಣ್ಣಿನ ಬದಲು ಸೋಸಿದ ಚಹಾಪುಡಿ ಅಂಟಿಸಿದ್ದೆ. ಜೂನ್ ತಿಂಗಳಲ್ಲಿ ಮೈದಾನಕ್ಕೆಲ್ಲ ಬಿಳಿ ಬೂಷ್ಟು ಬಂತು. ಗೆಳೆಯ ಅದನ್ನು ನೋಡಿ, "ಹಿಮ ಬಿದ್ದಿದೆ ಅಂತ ಆಡುವ" ಅಂದ. ಒಂದು ಭಾನುವಾರ ಹಾಗೆಯೇ ಆಡಿದೆವು. ಆಮೇಲೆ ಮರದ ಮಿಲ್ಲಿನ ಹುಡಿಗೆ ಬಣ್ಣ ಕಲಸಿ ಹುಲ್ಲು ಮಾಡುವುದನ್ನು ಕಲಿತೆ.

ಒಂದು ಸಲ ಅವನು ತಂದ ಸಾಮಾನಿನಲ್ಲಿ ಪ್ಲಾಸ್ಟಿಕ್ಕಿನ ಕೋಟೆ ಇತ್ತು. ನನ್ನ ಮೊಣಕಾಲಿನ ಎತ್ತರದ್ದು. ನಾಲ್ಕು ಬುರುಜು, ಸುತ್ತ ಗೋಡೆ, ಸರಪಳಿಯಿಂದ ಎಳೆದು ಮುಚ್ಚುವ ಬಾಗಿಲು. ಗುಜರಿಗೆ ಬರುವ ಆಟಿಕೆಯಲ್ಲಿ ಏನಾದರೊಂದು ಮುರಿದಿರುತ್ತದೆ. ಇದರಲ್ಲಿ ಒಂದು ಕೊಂಡಿಯೂ ತಪ್ಪಿರಲಿಲ್ಲ. ಅಷ್ಟು ಇಡಿಯಾಗಿದ್ದದ್ದು ನನ್ನ ಕೆಲಸಕ್ಕೆ ಬೇಕಿರಲಿಲ್ಲ. ಪಾಳುಬಿದ್ದ ಕೋಟೆ ಬೇಕಿತ್ತು. ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದೆ. ಬುರುಜುಗಳನ್ನು ಓರೆಯಾಗಿ ಮುರಿದ ಹಾಗೆ ಕತ್ತರಿಸಿ ಬೇರೆಬೇರೆ ಹಲಗೆಗಳ ಮೇಲೆ ಕೂರಿಸಿ ಕಪ್ಪು ಹೊಡೆದೆ.

ಬಣ್ಣ ಒಣಗಿ ಸ್ವಲ್ಪ ದಿನಕ್ಕೆ ಅಂಗಡಿಗೆ ಒಬ್ಬರು ಹಿರಿಯರು ಬಂದರು. ತೆಳ್ಳಗಿನ ಆಳು, ಬಗಲಿನಲ್ಲಿ ರೆಕ್ಸಿನ್ ಚೀಲ. ಬ್ಯಾನರ್ ಮಾಡಿಸಲು ಬಂದವರೆಂದುಕೊಂಡೆ.

"ನರಸಿಂಹರಾಜಪುರದಿಂದ ಬಂದೆ. ಗುಜರಿಯವರು ನಿಮ್ಮ ಹತ್ರ ಕಳಿಸಿದ್ರು. ಒಂದು ಪ್ಲಾಸ್ಟಿಕ್ ಕೋಟೆ ನಿಮ್ಮಲ್ಲಿ ಉಂಟಂತೆ."

ಇದ್ದದ್ದನ್ನು ಇದ್ದ ಹಾಗೆ ಹೇಳಿ ಒಳಗೆ ಕರೆದುಕೊಂಡು ಹೋಗಿ ತೋರಿಸಿದೆ. ಅವರು ಒಂದೊಂದೇ ತುಂಡನ್ನು ಎತ್ತಿ ತಿರುಗಿಸಿ ನೋಡಿದರು. ನನಗೆ ಬೇಸರವಾಯಿತು ಎಂದು ಬರೆದರೆ ಅರ್ಧ ಮಾತ್ರ ನಿಜ. ಕೆಲಸ ಚೆನ್ನಾಗಿ ಬಂದಿತ್ತು, ಅದನ್ನು ಅವರು ಗಮನಿಸಲಿ ಎಂದೂ ಅನ್ನಿಸುತ್ತಿತ್ತು.

"ಬಾಗಿಲೆಲ್ಲಿ?" ಎಂದು ಕೇಳಿದರು.

ಬಾಗಿಲು ಇದ್ದ ತುಂಡನ್ನು ಕೊಟ್ಟೆ. ಸರಪಳಿ ಎಳೆದರು. ಬಾಗಿಲು ಎದ್ದಿತು. ಬಿಟ್ಟರು, ಇಳಿಯಿತು.

"ಮನೆಗೆ ಪೇಂಟು ಹೊಡೆಸುವಾಗ ಇವಳು ಗುಜರಿಯವರಿಗೆ ಒಂದು ಬುಟ್ಟಿಯ ಬದಲಿಗೆ ಕೊಟ್ಟುಬಿಟ್ಟಿದ್ದಾಳೆ. ಅವಳದ್ದು ತಪ್ಪಿಲ್ಲ. ಮಗ ದೊಡ್ಡವನಾಗಿ ಯಾವ ಕಾಲ ಆಯ್ತು."

ಆದಷ್ಟು ಜೋಡಿಸಿ ಕೊಡುತ್ತೇನೆ ಎಂದೆ. ಅವರು ತಲೆಯಾಡಿಸಿದರು.

"ಬೇಡ ಮಾರಾಯ್ರೆ. ಅದು ನಂದೂ ಅಲ್ಲ."

ಸ್ಟೂಲು ಹಾಕಿ ಕೂರಿಸಿ ಚಹಾ ತರಿಸಿದೆ. ಅವರು ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು, ಶಿವಮೊಗ್ಗದ ರೂಟು. ಒಂದು ದಿನ ಕೊನೆಯ ಟ್ರಿಪ್ಪಿನಲ್ಲಿ ಯಾರೋ ಈ ಕೋಟೆಯ ಪೆಟ್ಟಿಗೆಯನ್ನು ಸೀಟಿನ ಮೇಲಿನ ಹಲಗೆಯಲ್ಲಿ ಮರೆತು ಇಳಿದಿದ್ದರು. ಬಸ್ಸಿನ ಆಫೀಸಿನಲ್ಲಿ ತಿಂಗಳುಗಟ್ಟಲೆ ಇಟ್ಟರೂ ಕೇಳಿಕೊಂಡು ಯಾರೂ ಬರಲಿಲ್ಲ. ಆಫೀಸಿನವರು, ನಿಮ್ಮ ಮನೆಯಲ್ಲಿ ಮಗು ಉಂಟಲ್ಲ, ತಗೊಂಡು ಹೋಗಿ ಎಂದರಂತೆ.

"ಮಗ ಎರಡು ದಿನ ಆಡಿದ. ಆಮೇಲೆ ಅವನಿಗೆ ಕ್ರಿಕೆಟ್ಟು."

"ಮತ್ತೆ ಇಷ್ಟು ಚೆನ್ನಾಗಿ ಇಟ್ಟದ್ದು ಯಾರು?"

"ನಾನೇ ಆಡ್ತಿದ್ದೆ." ಅದನ್ನು ಹೇಳುವಾಗ ಅವರು ದನಿ ತಗ್ಗಿಸಲಿಲ್ಲ. "ರಜೆಯ ದಿನ ಬಿಚ್ಚಿ ಜೋಡಿಸ್ತಿದ್ದೆ. ನಾನು ಧೂಳು ಒರೆಸ್ತಿದ್ದೇನೆ ಅಂತ ಇವಳು ತಿಳ್ಕೊಂಡಿದ್ದಳು. ಒಂದು ಚೂರೂ ಕಳೀಲಿಕ್ಕೆ ಬಿಡಲಿಲ್ಲ. ಯಾರಾದ್ರೂ ಕೇಳಿಕೊಂಡು ಬಂದ್ರೆ ಪೂರ್ತಿ ಕೊಡಬೇಕಲ್ಲ."

ಚಹಾ ಕುಡಿದೆವು. ಅವರೇ, ಇದನ್ನು ಇಟ್ಟುಕೊಂಡು ಎಂತ ಮಾಡುತ್ತೀರಿ ಎಂದು ಕೇಳಿದರು. ಆಟದ ವಿಷಯ ಹೇಳಿದೆ. ಭಾನುವಾರ ಬಂದು ನೋಡಬಹುದಾ ಎಂದರು.

ಬಂದರು. ಗೋಡೌನಿನಲ್ಲಿ ಪೇಪರ್ ಕಟ್ಟುಗಳ ಮೇಲೆ ಕೂತು ಇಡೀ ಆಟ ನೋಡಿದರು. ಮರುವಾರ ದಾಳ ಕೈಗೆ ತೆಗೆದುಕೊಂಡರು. ಆಡುವುದರಲ್ಲಿ ಅವರು ಅಷ್ಟೇನೂ ಚುರುಕಲ್ಲ. ಇದ್ದ ಸೈನಿಕರನ್ನೆಲ್ಲ ಒಟ್ಟಿಗೆ ನಡೆಸುತ್ತಿದ್ದರು, ಯಾರನ್ನೂ ಹಿಂದೆ ಬಿಡಲು ಅವರಿಗೆ ಆಗುತ್ತಿರಲಿಲ್ಲ. ಹಾಗಾಗಿ ಸೋಲುತ್ತಿದ್ದರು. ಗೆಳೆಯನೂ ನಾನೂ ಅವರನ್ನು ಕಂಡಕ್ಟರೇ ಎಂದು ಕರೆಯುತ್ತಿದ್ದೆವು, ಅವರಿಗೆ ಅದು ಇಷ್ಟವಾಗಿತ್ತು. ಕಟ್ಟುವ ಕೆಲಸಕ್ಕೂ ಕೈ ಹಾಕಿದರು. ಕೋಟೆಯ ಉಳಿದ ಗೋಡೆಯನ್ನು ನಾನು ಕೊಯ್ಯುವಾಗ ಅವರೇ ಆಚೆ ತುದಿ ಅಲುಗಾಡದಂತೆ ಹಿಡಿದುಕೊಂಡರು.

ಅವರು ತಕರಾರು ಮಾಡಿದ್ದು ಒಂದೇ ಸಲ. ಗೆಳೆಯನ ಚೀಲದಲ್ಲಿ ಆಟದ ಬಸ್ಸೊಂದು ಬಂದಿತ್ತು, ತಗಡಿನದು, ಮೇಲೆ ಲಗೇಜ್ ಕ್ಯಾರಿಯರ್ ಇದ್ದದ್ದು. ಅದನ್ನು ನಡುವೆ ಕೊಯ್ದು ಸುಟ್ಟುಹೋದ ಬಸ್ಸಿನ ಹಾಗೆ ರಸ್ತೆಗೆ ಅಡ್ಡ ಮಲಗಿಸುವುದು ನನ್ನ ಲೆಕ್ಕಾಚಾರ. ಬ್ಲೇಡು ತೆಗೆದುಕೊಂಡೆ.

"ಬಸ್ಸು ಬೇಡ" ಎಂದರು.

"ತುಕ್ಕು ಹಿಡಿದಿದೆಯಲ್ಲ ಕಂಡಕ್ಟರೇ."

"ತುಕ್ಕು ಹಿಡೀಲಿ. ಕೊಯ್ಯೋದು ಬೇಡ."

ಗೆಳೆಯ ನಕ್ಕ. "ಇಷ್ಟು ವರ್ಷ ಇಟ್ಟ ಕೋಟೆ ಕೊಯ್ಲಿಕ್ಕೆ ಹಿಡ್ಕೊಂಡ್ರಿ, ಈಗ ಬಂದ ಬಸ್ಸು ಬೇಡವಾ?"

ಕಂಡಕ್ಟರು ಬಸ್ಸನ್ನು ತೆಗೆದು ತಮ್ಮ ಪಕ್ಕದಲ್ಲಿ ಇಟ್ಟುಕೊಂಡರು. ಆವತ್ತು ಬೇಗ ಹೊರಟರು. ಮುಂದಿನ ವಾರ ಬರುತ್ತಾರೋ ಇಲ್ಲವೋ ಎಂದು ನಾವಿಬ್ಬರೂ ಮಾತಾಡಿಕೊಂಡೆವು.

ಮುಂದಿನ ವಾರ ಬಂದರು, ಬಸ್ಸನ್ನು ಮೇಜಿನ ಮೇಲಿನ ರಸ್ತೆಯಲ್ಲಿ ನಿಲ್ಲಿಸಿದರು. "ಇಡಿಯಾಗಿ ಇದ್ರೆ ಆಟಕ್ಕೆ ತೊಂದರೆ ಎಂತ? ಓಡಲಿ" ಎಂದರು. ಹೇಗೆ ಓಡಬೇಕು ಎಂಬುದನ್ನು ಬರುವ ದಾರಿಯಲ್ಲೇ ಯೋಚಿಸಿದ್ದರು. ಪ್ರತಿ ಸುತ್ತಿನ ಕೊನೆಗೆ ಬಸ್ಸು ರಸ್ತೆಯಲ್ಲಿ ಒಂದು ಅಡಿ ಮುಂದೆ ಹೋಗುತ್ತದೆ. ಸ್ಟಾಪಿನಲ್ಲಿ ನಿಂತ ಸೈನಿಕರು ಯಾವ ಪಕ್ಷದವರಾದರೂ ಹತ್ತಬಹುದು. ಬಸ್ಸಿನ ಒಳಗೆ ಯಾರೂ ಯಾರಿಗೂ ಹೊಡೆಯುವಂತಿಲ್ಲ. ಇಳಿಯುವುದು ಮುಂದಿನ ಸ್ಟಾಪಿನಲ್ಲೇ. ನಾನು ಸನ್‌ಬೋರ್ಡಿನಲ್ಲಿ ಸ್ಟಾಪುಗಳನ್ನು ಮಾಡಿಕೊಟ್ಟೆ, ಅವರು ಹೆಸರಿಟ್ಟರು: ಜಯಪುರ, ಕಮ್ಮರಡಿ, ಕೆರೆಕಟ್ಟೆ. ಅಕ್ಕಿಕಾಳಿನಷ್ಟು ದೊಡ್ಡ ಅಕ್ಷರದಲ್ಲಿ ಬೋರ್ಡು ಬರೆದೆ. ಕೆರೆಕಟ್ಟೆಯನ್ನು ಮೇಜಿನ ಮೂಲೆಯ ಗುಡ್ಡದ ತುದಿಯಲ್ಲಿ ಇಟ್ಟರು. ಅಲ್ಲಿಗೆ ಬಸ್ಸು ಪ್ರತಿ ಸಲ ಹೋಗುವುದಿಲ್ಲ, ಒಂದು ಟ್ರಿಪ್ಪು ಬಿಟ್ಟು ಒಂದು ಟ್ರಿಪ್ಪು ಎಂದು ಹೇಳಿದರು.

ಆಟದ ರೀತಿಯೇ ಬದಲಾಯಿತು. ಮೊದಲು ಎದುರಾಳಿ ಎಲ್ಲಿದ್ದಾನೆ ಎಂದು ನೋಡುತ್ತಿದ್ದೆವು, ಈಗ ಬಸ್ಸು ಎಲ್ಲಿದೆ ಎಂದು ನೋಡತೊಡಗಿದೆವು.

ಮಂಗಳೂರಿನ ಆ ಮೆಕ್ಯಾನಿಕ್ ಹೇಳಿ, ಶಿವಮೊಗ್ಗದಿಂದ ಇಬ್ಬರು ಆಡಲು ಬಂದರು. ಇಬ್ಬರೂ ಕಾಲೇಜಿನ ಮೇಷ್ಟ್ರು. ಒಂದೊಂದು ಸೈನಿಕನಿಗೂ ಪ್ರತ್ಯೇಕ ಗೂಡಿದ್ದ ಪೆಟ್ಟಿಗೆ ತಂದಿದ್ದರು. ಸೈನಿಕರ ಕಣ್ಣಿಗೆ ಕೂಡ ಬಣ್ಣ ತುಂಬಿತ್ತು. ನಮ್ಮ ಮೇಜನ್ನು ಸುತ್ತ ನಡೆದು ನೋಡಿ, ಇದು ಯಾವುದರಿಂದ, ಅದು ಯಾವುದರಿಂದ ಎಂದು ಕೇಳಿದರು. ಸಿಲಿಂಡರು ಅಡುಗೆ ಸೆಟ್ಟಿನದು ಎಂದಾಗ ಒಬ್ಬರು ಬಗ್ಗಿ ಮತ್ತೊಮ್ಮೆ ನೋಡಿದರು. ಕಂಡಕ್ಟರು ಬಸ್ಸಿನ ನಿಯಮವನ್ನು ಮೊದಲೇ ವಿವರಿಸಿದರು. ಅವರಿಬ್ಬರೂ ಹೂಂಗುಟ್ಟಿದರು. ಆಡುವಾಗ ಹೊಂದಿಕೊಳ್ಳುವುದು ಬೇರೆ ಮಾತು.

ಅವರ ಸೈನ್ಯ ಬಲಿಷ್ಠವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಗೆಳೆಯನ ಕಡೆಯಲ್ಲಿ ಬೆರಳೆಣಿಕೆಯ ಜನ ಉಳಿದಿದ್ದರು, ನನ್ನದು ಅದಕ್ಕಿಂತ ಸ್ವಲ್ಪ ವಾಸಿ. ಗೆಲ್ಲಲು ಕೊನೆಯ ಸುತ್ತಿನಲ್ಲಿ ಕೋಟೆಯ ಬಾಗಿಲ ಬಳಿ ನಿಂತಿರಬೇಕು. ಅವರಲ್ಲಿ ಒಬ್ಬರು ತಮ್ಮ ಸೇನಾಪತಿಯನ್ನೂ ಅವನ ತಂಡವನ್ನೂ ಕೆರೆಕಟ್ಟೆ ಗುಡ್ಡಕ್ಕೆ ಹತ್ತಿಸಿದ್ದರು. ಅಲ್ಲಿಂದ ಇಡೀ ಮೈದಾನ ಕಾಣುತ್ತದೆ, ಕೆಲಸ ಮುಗಿದ ಮೇಲೆ ಬಸ್ಸಿನಲ್ಲಿ ಇಳಿಯುವುದೆಂದು ಇಟ್ಟುಕೊಂಡಿದ್ದರು. ಬಸ್ಸು ಗುಡ್ಡಕ್ಕೆ ಬಂದ ಸುತ್ತಿನಲ್ಲಿ ಅವರ ಸೇನಾಪತಿ ಸ್ಟಾಪಿನಿಂದ ಸ್ವಲ್ಪ ಈಚೆ ನಿಂತಿದ್ದ.

"ಒಂದಿಂಚು ಅಷ್ಟೇ ಅಲ್ವಾ ಸರ್" ಎಂದರು.

"ಒಂದಿಂಚು ದೂರ ಇದ್ರೆ ಡ್ರೈವರಿಗೆ ಕಾಣ್ತಾನೆ" ಎಂದರು ಕಂಡಕ್ಟರು. "ಆದ್ರೆ ನಿಲ್ಲಿಸುವುದಿಲ್ಲ."

"ಇದು ರೂಲ್ ಬುಕ್ಕಿನಲ್ಲಿ ಎಲ್ಲೂ ಇಲ್ಲ."

"ಅದರಲ್ಲಿ ಇಲ್ಲ. ಬೆಳಿಗ್ಗೆ ನಾನು ಹೇಳಿದ್ದೆ."

ಮೇಷ್ಟ್ರ ಮುಖ ಸಣ್ಣದಾಯಿತು. ಇನ್ನೊಬ್ಬರು, ಹೇಳಿದ್ದು ಹೌದು ಮಾರಾಯ, ಬಿಡು ಎಂದರು. ಮುಂದಿನ ಟ್ರಿಪ್ಪಿನಲ್ಲಿ ಬಸ್ಸು ಗುಡ್ಡಕ್ಕೆ ಹೋಗುವ ಸರದಿಯಲ್ಲ. ಸೇನಾಪತಿ ನಡೆದು ಇಳಿಯತೊಡಗಿದ. ಗೆಳೆಯ ತನ್ನ ಉಳಿದ ಸೈನಿಕರನ್ನು ಕಮ್ಮರಡಿಯಲ್ಲಿ ಬಸ್ಸು ಹತ್ತಿಸಿದ, ಮುಂದಿನ ಸ್ಟಾಪು ಕೋಟೆಯ ಬಾಗಿಲ ಹತ್ತಿರವೇ ಇತ್ತು.

ಆಟ ಮುಗಿಯುವ ಮೊದಲೇ ಕಂಡಕ್ಟರು ಚೀಲ ಬಗಲಿಗೆ ಸಿಕ್ಕಿಸಿಕೊಂಡು ಎದ್ದರು. ನರಸಿಂಹರಾಜಪುರದ ಬಸ್ಸಿಗೆ ಹೊತ್ತಾಗಿತ್ತು. ಕೂರಿ, ಮುಗಿಸಿಕೊಂಡೇ ಹೋಗಿ, ನಾನೇ ಆಟೋದಲ್ಲಿ ಬಿಡುತ್ತೇನೆ ಎಂದು ಗೆಳೆಯ ಹೇಳಿದರೂ ನಿಲ್ಲಲಿಲ್ಲ. ಕೋಟೆಯ ಬಾಗಿಲಿಗೆ ಗೆಳೆಯನ ಸೈನಿಕರು ಮೊದಲು ತಲುಪಿದರು. ಸಂಜೆ ತಿಳಿಸೋಣವೆಂದು ಕಂಡಕ್ಟರಿಗೆ ಫೋನ್ ಮಾಡಿದೆ. ಯಾರು ಗೆದ್ದರು ಎಂದು ಅವರು ಕೇಳಲೇ ಇಲ್ಲ.

"ಕೆರೆಕಟ್ಟೆಯಲ್ಲಿ ಇದ್ದವರು ಕೆಳಗೆ ಬಂದು ಮುಟ್ಟಿದ್ರಾ?" ಎಂದರು.

"ಅರ್ಧ ದಾರಿಯಲ್ಲಿ ಇದ್ರು."

"ಛೆ" ಎಂದರು.

ಕಳೆದ ವರ್ಷ ಅವರ ಮಂಡಿಗೆ ಆಪರೇಷನ್ ಆಯಿತು. ನಡೆಯುತ್ತಾರೆ, ಆದರೆ ಬಸ್ಸಿನ ಮೆಟ್ಟಿಲು ಕಷ್ಟ. ನಾವು ಒಮ್ಮೆ ನರಸಿಂಹರಾಜಪುರಕ್ಕೆ ಹೋಗಿದ್ದೆವು. ಅವರ ಹೆಂಡತಿ ಕಾಫಿ ಕೊಡುತ್ತ, "ಆವತ್ತು ಬುಟ್ಟಿಗೆ ಕೊಡುವಾಗ ಒಂದು ಮಾತು ಕೇಳಿದ್ರೆ ಆಗ್ತಿತ್ತು. ಧೂಳು ಒರೆಸ್ತಾರೆ ಅಂತಲೇ ನಾನಿದ್ದದ್ದು" ಎಂದರು. ಕಂಡಕ್ಟರು ಕಿಟಕಿಯ ಕಡೆ ನೋಡಿದರು. ಜಗಲಿಯ ಮೂಲೆಯಲ್ಲಿ ಅವರ ಸನ್‌ಬೋರ್ಡು, ಬ್ಲೇಡು, ಫೆವಿಕಾಲ್ ಎಲ್ಲವನ್ನೂ ಆಕೆ ಒಂದು ಮಣೆಯ ಮೇಲೆ ಓರಣವಾಗಿ ಜೋಡಿಸಿಕೊಟ್ಟಿದ್ದರು.

ಈಗ ಅವರು ಆಡಲು ಬರುವುದಿಲ್ಲ, ಮಾಡಿದ್ದನ್ನು ಕಳಿಸುತ್ತಾರೆ. ಬೇಕರಿಯ ರಟ್ಟಿನ ಪೆಟ್ಟಿಗೆಯಲ್ಲಿ ಹಳೆ ಬಟ್ಟೆ ಸುತ್ತಿ ಮಧ್ಯಾಹ್ನದ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟು ನನಗೆ ಫೋನ್ ಮಾಡುತ್ತಾರೆ. ನಾನು ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುತ್ತೇನೆ. ಕಟ್ಟೆ, ಮೋರಿ, ತಡಿಕೆಯ ಬೇಲಿ ಎಲ್ಲ ಬಂದಿವೆ. ಹೋದ ವಾರ ಒಂದು ಗುಡ್ಡ ಬಂತು, ಕೇಕಿನ ಕೆಳಗಿಡುವ ರಟ್ಟುಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದ್ದು. ಚೆನ್ನಾಗಿತ್ತು, ಆದರೆ ಸೈನಿಕ ಮೇಲೆ ನಿಂತರೆ ಉರುಳುತ್ತಿದ್ದ. ಇಳಿಜಾರು ಜಾಸ್ತಿಯಾಯಿತು ಎಂದು ಫೋನಿನಲ್ಲಿ ಹೇಳಿದೆ. "ವಾಪಸು ಕಳಿಸಿ, ಸರಿ ಮಾಡ್ತೇನೆ" ಎಂದರು.