ಕುಲುಮೆ ಪಕ್ಕದ ಮಜ್ಜಿಗೆ ಗಡಿಗೆ

1978ರ ಬೇಸಿಗೆ. ಹರಿಹರದ ಒಂದು ಎರಕದ ಕಾರ್ಖಾನೆಯ ಡಿಸ್ಪೆನ್ಸರಿಯಲ್ಲಿ ನಾನು ನರ್ಸ್. ದಾವಣಗೆರೆಯ ಆನೆಕೊಂಡದಲ್ಲಿ ಮನೆ, ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಬೇಕು. ಡಾಕ್ಟರು ಮಂಗಳವಾರ ಮತ್ತು ಶುಕ್ರವಾರ ಎರಡೆರಡು ತಾಸು ಬಂದು ಹೋಗುತ್ತಿದ್ದರು. ಮಿಕ್ಕ ಹೊತ್ತಿನಲ್ಲಿ ಸೀಳಿದ ಬೆರಳು, ಸುಟ್ಟ ಅಂಗೈ, ಕಣ್ಣಿಗೆ ಸಿಡಿದ ಕಿಡಿ ಎಲ್ಲಕ್ಕೂ ನಾನೇ ದಿಕ್ಕು. ಆ ವಿಷಯದಲ್ಲಿ ನನಗೆ ಸ್ವಲ್ಪ ಸೊಕ್ಕೂ ಇತ್ತು. ಅದನ್ನು ಮುಚ್ಚಿಟ್ಟರೆ ಈ ಕಥೆ ಅರ್ಧಕ್ಕರ್ಧ ಸುಳ್ಳಾಗುತ್ತದೆ.

ನಮ್ಮಲ್ಲಿ ದಿನಾ ಹತ್ತು ಗಂಟೆಯಿಂದ ಎರಡು ಗಂಟೆಯವರೆಗೆ ಕಬ್ಬಿಣ ಕರಗಿಸಿ ಮರಳಿನ ಅಚ್ಚುಗಳಿಗೆ ಹೊಯ್ಯುತ್ತಿದ್ದರು. ಕುಲುಮೆಯಿಂದ ಅಚ್ಚಿನವರೆಗೆ ಕರಗಿದ ಕಬ್ಬಿಣ ಒಯ್ಯುವ ಬಕೆಟ್ಟಿಗೆ ಲೇಡಲ್ ಎನ್ನುತ್ತಾರೆ. ಉದ್ದನೆಯ ಕಬ್ಬಿಣದ ಹಿಡಿಗಳ ನಡುವೆ ಅದನ್ನು ಕೂರಿಸಿ, ಮುಂದೊಬ್ಬರು ಹಿಂದೊಬ್ಬರು ಹಿಡಿದು ನಡೆಯಬೇಕು. ಒಬ್ಬರ ಹೆಜ್ಜೆ ತಪ್ಪಿದರೂ ಇಬ್ಬರ ಕಾಲೂ ಉಳಿಯುವುದಿಲ್ಲ. ಈ ಕೆಲಸಕ್ಕೆ ಆರು ಜನ, ಅಂದರೆ ಮೂರು ಜೋಡಿ. ಅವರಲ್ಲಿ ಖಾದರ್ ಸಾಬರದು ಹದಿನೈದು ವರ್ಷದ ಕೈ. ಅವರ ಜೋಡಿ ತಿಪ್ಪಣ್ಣ. ಇಬ್ಬರೂ ಲೇಡಲ್ ಹೊತ್ತು ಹೊರಟರೆ ಒಳಗಿನ ಕೆಂಡದ ನೀರು ಅಲುಗುತ್ತಲೂ ಇರಲಿಲ್ಲ.

ಕುಲುಮೆಯ ಆಚೆ ಕಂಬದ ನೆರಳಿನಲ್ಲಿ ಇವರದೊಂದು ಮಣ್ಣಿನ ಗಡಿಗೆ ಇತ್ತು. ದಿನಕ್ಕೊಬ್ಬರಂತೆ ಪಾಳಿಯಲ್ಲಿ ಮನೆಯಿಂದ ಮಜ್ಜಿಗೆ ತಂದು ಅದಕ್ಕೆ ಸುರಿದು, ನೀರು ಬೆರೆಸಿ, ಕರಿಬೇವು, ಹಸಿಮೆಣಸಿನಕಾಯಿ ಜಜ್ಜಿ ಹಾಕುತ್ತಿದ್ದರು. ಮಜ್ಜಿಗೆ ಯಾರ ಮನೆಯದಾದರೂ ಉಪ್ಪು ಹಾಕುವ ಹಕ್ಕು ಮಾತ್ರ ಖಾದರ್ ಸಾಬರದು. ಅವರ ಮುಷ್ಟಿಯೇ ಅಳತೆ. ಆರೂ ಜನಕ್ಕೆ ಸೇರಿ ಒಂದೇ ಅಲ್ಯೂಮಿನಿಯಂ ಲೋಟ. ಅದನ್ನು ಮರಳು ಮೆತ್ತಿದ ಕೈಯಿಂದಲೇ ಗಡಿಗೆಯೊಳಗೆ ಅದ್ದುತ್ತಿದ್ದರು. ಮೇಲೆ ನೊಣದ ದರ್ಬಾರು.

ಮಾರ್ಚ್ ತಿಂಗಳಲ್ಲಿ ಅವರಲ್ಲಿ ನಾಲ್ವರಿಗೆ ವಾಂತಿ ಭೇದಿ ಆಯಿತು. ನಾನು ಹೋಗಿ ಗಡಿಗೆ ನೋಡಿದವಳೇ ಕೆಂಡವಾದೆ. ಮ್ಯಾನೇಜರಿಗೆ ಬರೆದೆ, ಗಡಿಗೆ ತೆಗೆಸಿದೆ. ಅದರ ಜಾಗದಲ್ಲಿ ನಲ್ಲಿ ಇರುವ ಸ್ಟೀಲ್ ಡ್ರಮ್ಮು ಇಡಿಸಿ, ಕುದಿಸಿ ಆರಿಸಿದ ನೀರು ತುಂಬಿಸಿದೆ. "ಇನ್ಮೇಲೆ ಕುಲುಮೆ ಹತ್ರ ಮಜ್ಜಿಗೆ ಗಿಜ್ಜಿಗೆ ತರಂಗಿಲ್ಲ. ನೀರು ಬೇಕಾದಷ್ಟು ಕುಡೀರಿ," ಎಂದು ಆರು ಜನರನ್ನೂ ನಿಲ್ಲಿಸಿ ಮಾತು ತೆಗೆದುಕೊಂಡೆ. ಹೊಟ್ಟೆ ಕೆಡುವುದು ನಿಂತಿತು. ಮ್ಯಾನೇಜರು ಎಲ್ಲರೆದುರು ನನ್ನನ್ನು ಹೊಗಳಿದರು, ನಾನು ಹಿಗ್ಗಿದೆ.

ಏಪ್ರಿಲ್ ಬಂತು. ಬಿಸಿಲಿನ ಜೊತೆಗೆ ಹೊಸ ಕಾಟ ಶುರುವಾಯಿತು. ಮಧ್ಯಾಹ್ನ ಹನ್ನೆರಡು ದಾಟಿದರೆ ಸಾಕು, ಲೇಡಲ್ಲಿನವರಲ್ಲಿ ಒಬ್ಬರು ಕುಂಟುತ್ತಾ ಡಿಸ್ಪೆನ್ಸರಿಗೆ ಬರುವರು. ಮೀನಖಂಡ, ಅಂದರೆ ಮೊಣಕಾಲಿನ ಕೆಳಗೆ ಹಿಂಭಾಗದಲ್ಲಿರುವ ಸ್ನಾಯು, ಗಂಟು ಕಟ್ಟಿಕೊಂಡು ಕಲ್ಲಾಗಿರುತ್ತಿತ್ತು. ಕೂರಿಸಿ, ಮೊಣಕಾಲು ನೇರ ಮಾಡಿ, ಪಾದದ ಬೆರಳುಗಳನ್ನು ಅವರ ಮೊಣಕಾಲಿನ ಕಡೆಗೆ ನಿಧಾನವಾಗಿ ಎಳೆದು ಹಿಡಿದರೆ ಸ್ನಾಯು ಸಡಿಲವಾಗುತ್ತಿತ್ತು. ಆಮೇಲೆ ತಿಕ್ಕುತ್ತಿದ್ದೆ, ಬಿ ಕಾಂಪ್ಲೆಕ್ಸ್ ಮಾತ್ರೆ ಕೊಡುತ್ತಿದ್ದೆ. ಕೊನೆಗೆ ತಪ್ಪದೆ ಒಂದು ಮಾತು: "ನೀರು ಇನ್ನೂ ಜಾಸ್ತಿ ಕುಡೀರಿ." ಅವರು ಕುಡಿಯುತ್ತಿದ್ದರು. ಮರುದಿನ ಮತ್ತೆ ಬರುತ್ತಿದ್ದರು. ಡಾಕ್ಟರು ಬರುತ್ತಿದ್ದದ್ದು ಬೆಳಿಗ್ಗೆ. ಆಗ ಎಲ್ಲರ ಕಾಲೂ ನೆಟ್ಟಗಿದ್ದು, ಅವರಿಗೆ ನೋಡಲು ಏನೂ ಸಿಗುತ್ತಿರಲಿಲ್ಲ.

ಒಂದು ಬುಧವಾರ ಆಗಬಾರದ್ದು ಆಯಿತು. ಖಾದರ್ ಸಾಬರು, ತಿಪ್ಪಣ್ಣ ತುಂಬಿದ ಲೇಡಲ್ ಹೊತ್ತು ನಡೆಯುತ್ತಿದ್ದಾಗ ಖಾದರ್ ಸಾಬರ ಬಲಗಾಲು ಹಿಡಿದುಕೊಂಡಿತು. ಲೇಡಲ್ ವಾಲಿ ಕಬ್ಬಿಣ ನೆಲದ ಮರಳಿನ ಮೇಲೆ ಚೆಲ್ಲಿತು. ದೇವರು ದೊಡ್ಡವನು, ಇಬ್ಬರ ಪ್ಯಾಂಟಿಗೂ ಕಿಡಿಯ ತೂತು ಬಿದ್ದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಆದರೆ ಮ್ಯಾನೇಜರು ಸುಮ್ಮನಿರುವಂತಿರಲಿಲ್ಲ. ಶುಕ್ರವಾರ ಡಾಕ್ಟರಿಂದ 'ಅನ್‌ಫಿಟ್' ಎಂದು ಬರೆಸಿ, ಸೋಮವಾರದಿಂದ ಖಾದರ್ ಸಾಬರನ್ನು ಗುಜರಿ ವಿಂಗಡಿಸುವ ಅಂಗಳಕ್ಕೆ ಹಾಕುವುದೆಂದು ತೀರ್ಮಾನಿಸಿದರು. ಆ ಕಾಗದ ತಯಾರು ಮಾಡುವ ಕೆಲಸ ನನ್ನದೇ.

ಖಾದರ್ ಸಾಬರು ನನ್ನ ಮೇಜಿನ ಮುಂದೆ ನಿಂತರು. ಆರಡಿ ಆಳು, ದನಿ ಮಾತ್ರ ಕುಗ್ಗಿತ್ತು.

"ಸಿಸ್ಟರ್, ಹದಿನೈದು ವರ್ಷದಾಗ ಒಂದು ಹನಿ ಚೆಲ್ಲಿಲ್ರಿ ನಾನು. ಗುಜರಿಗೆ ಹಾಕಿದ್ರೆ ಹೊಟ್ಟೆಗೇನೂ ಕಮ್ಮಿ ಆಗಂಗಿಲ್ಲ. ಆದ್ರ ನಾ ಲೇಡಲ್ಲಿನ ಖಾದರ್ ಅಲ್ರಿ? ಹರಿಹರದಾಗ ಎಲ್ಲಾರೂ ಹಂಗೇ ಕರೀತಾರ. ನಾಳೆಯಿಂದ ಏನಂತ ಕರೀತಾರ?"

ಅವರು ಹೋದ ಮೇಲೆ ಆ ಕಾಗದವನ್ನು ಬರೆಯದೆ ಪಕ್ಕಕ್ಕೆ ಇಟ್ಟೆ.

ಗುರುವಾರ ಬೆಳಿಗ್ಗೆ ರಿಜಿಸ್ಟರು ಹರಡಿಕೊಂಡು ಕೂತೆ. ಏಪ್ರಿಲ್ಲಿನಲ್ಲಿ ಕಾಲು ಸೆಳೆತಕ್ಕೆಂದು ಬಂದದ್ದು ಹದಿನಾಲ್ಕು ಸಲ. ಮಶಿನ್ ಶಾಪಿನಿಂದ ಒಬ್ಬರೂ ಇಲ್ಲ, ಆಫೀಸಿನಿಂದ ಒಬ್ಬರೂ ಇಲ್ಲ. ಎಲ್ಲವೂ ಲೇಡಲ್ಲಿನವರದೇ. ಆದರೆ ಆರು ಜನರಲ್ಲಿ ಐದು ಹೆಸರು ಮಾತ್ರ ಇದ್ದವು. ತಿಪ್ಪಣ್ಣನ ಹೆಸರು ಒಂದು ಸಲವೂ ಇರಲಿಲ್ಲ. ಅದೇ ಕುಲುಮೆ, ಅದೇ ಭಾರ, ವಯಸ್ಸು ಖಾದರ್ ಸಾಬರಿಗಿಂತ ನಾಲ್ಕು ವರ್ಷ ಹೆಚ್ಚು. ಇದೇನು ಎಂದು ಎದ್ದು ಹೊರಟೆ.

ಹನ್ನೊಂದು ಗಂಟೆಯ ಹೊತ್ತು. ಮರಳಿನ ಗುಡ್ಡೆಯ ಹಿಂದೆ ತಿಪ್ಪಣ್ಣ ಕುಕ್ಕರುಗಾಲಲ್ಲಿ ಕೂತು ಟಿಫಿನ್ ಕ್ಯಾರಿಯರಿನ ಡಬ್ಬಿಯಿಂದ ಏನನ್ನೋ ಗಟಗಟ ಕುಡಿಯುತ್ತಿದ್ದ. ಮಜ್ಜಿಗೆ! ನನ್ನ ಆರ್ಡರನ್ನು ಒಂದು ತಿಂಗಳಿಂದ ಗಾಳಿಗೆ ತೂರಿದ್ದ ಆಸಾಮಿ.

"ತಿಪ್ಪಣ್ಣ! ಏನಿದು?"

ಅವನು ಮೀಸೆ ಒರೆಸಿಕೊಂಡು ಎದ್ದ. "ತಪ್ಪಾತ್ರಿ ಸಿಸ್ಟರ್. ಆದ್ರೂ ಉಪ್ಪಿನ ಮಜ್ಜಿಗೆ ಬಿಟ್ಟು ಬರೀ ನೀರು ನನಗೆ ಒಗ್ಗಂಗಿಲ್ರಿ. ಕುಡಿದಷ್ಟೂ ಕಾಲಾಗ ಸತ್ವ ಹೋದಂಗ ಆಗ್ತೈತಿ."

"ಒಬ್ನೇ ಕುಡೀತೀಯಲ್ಲ, ಖಾದರ್ ಸಾಬ್ರಿಗಾದ್ರೂ ಕೊಡಬಾರದಾಗಿತ್ತಾ?" ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅದು.

"ದಿನಾ ಕರೀತೀನ್ರಿ. ಆ ಪುಣ್ಯಾತ್ಮ ಬರಂಗಿಲ್ಲ. ಸಿಸ್ಟರ್‌ಗೆ ಮಾತು ಕೊಟ್ಟೀನಿ ಅಂತಾನ."

ಅಲ್ಲೇ ಮರಳಿನ ಮೇಲೆ ಕೂತುಬಿಟ್ಟೆ. ನರ್ಸಿಂಗ್ ಸ್ಕೂಲಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮಾರ್ಕ್ಸ್ ತೆಗೆದುಕೊಂಡು ಮರೆತಿದ್ದ ಪಾಠ ಆಗ ನೆನಪಾಯಿತು. ಬೆವರಿನಲ್ಲಿ ಹೋಗುವುದು ನೀರು ಮಾತ್ರವಲ್ಲ, ಉಪ್ಪೂ ಹೋಗುತ್ತದೆ. ಸ್ನಾಯು ಬಿಗಿಯುವುದಕ್ಕೂ ಸಡಿಲವಾಗುವುದಕ್ಕೂ ಆ ಉಪ್ಪು ಬೇಕು. ನಾಲ್ಕು ತಾಸು ಬೆಂಕಿಯ ಮುಂದೆ ಬೆವರಿ ಮೇಲಿಂದ ಬರೀ ನೀರನ್ನೇ ಕುಡಿದರೆ, ಮೈಯಲ್ಲಿ ಉಳಿದ ಉಪ್ಪೂ ತೆಳ್ಳಗಾಗಿ ಸ್ನಾಯು ಹಿಡಿದುಕೊಳ್ಳುತ್ತದೆ. ಇದಕ್ಕೆ ಹೀಟ್ ಕ್ರ್ಯಾಂಪ್ಸ್ ಎನ್ನುತ್ತಾರೆ. ಖಾದರ್ ಸಾಬರ ಮುಷ್ಟಿ ಉಪ್ಪು ಅಷ್ಟು ವರ್ಷ ಆರು ಜನರ ಕಾಲು ಕಾಪಾಡಿತ್ತು. ಅದನ್ನು ಕಿತ್ತು ಹಾಕಿದವಳು ನಾನು. ನನ್ನ ಮಾತು ಮೀರಿದವನ ಕಾಲು ಗಟ್ಟಿಯಿತ್ತು, ನನ್ನ ಮಾತು ನಡೆಸಿದವರು ಗುಜರಿ ಅಂಗಳಕ್ಕೆ ಹೊರಟಿದ್ದರು.

ಶುಕ್ರವಾರ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಖಾದರ್ ಸಾಬರ ಬಿ.ಪಿ. ನೋಡಿದರು, ಕಾಲಿನ ನಾಡಿ, ನರ, ಊತ ಎಲ್ಲ ಪರೀಕ್ಷಿಸಿದರು. ಬೇರೆ ದೋಷ ಕಾಣಲಿಲ್ಲ. "ನಿಮ್ಮ ಊಹೆ ಸರಿ. ಆದರೆ ಮ್ಯಾನೇಜರಿಗೆ ಕಾರಣ ಹೇಳಬೇಕಾಗುತ್ತದೆ," ಎಂದು ನನ್ನ ಮುಖ ನೋಡಿದರು. ಕಾರಣ ಏನೆಂದು ಇಬ್ಬರಿಗೂ ಗೊತ್ತಿತ್ತು.

ತಪ್ಪನ್ನು ಬಿಸಿಲಿನ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಮ್ಯಾನೇಜರ ಕೋಣೆಗೆ ಹೋಗಿ ನಿಂತೆ.

"ಸಾರ್, ಅನ್‌ಫಿಟ್ ಆಗಿರೋದು ಖಾದರ್ ಸಾಬ್ರ ಕಾಲಲ್ಲ, ನನ್ನ ಆರ್ಡರು. ಕೊಳೆ ಲೋಟ ತೆಗೆಯೋ ಬದಲು ಮಜ್ಜಿಗೇನೇ ತೆಗೆದುಬಿಟ್ಟೆ."

ಅವರು ಕನ್ನಡಕ ತೆಗೆದು ಕೇಳಿದರು. "ಇದನ್ನ ಬರೆದು ಕೊಡ್ತೀರಾ? ನಿಮ್ಮ ಸರ್ವಿಸ್ ಫೈಲಿಗೆ ಹೋಗುತ್ತೆ."

"ಕೊಡ್ತೀನಿ. ಕನ್ನಡದಲ್ಲಿ ಬೇಕಾ, ಇಂಗ್ಲಿಷಿನಲ್ಲಿ ಬೇಕಾ?"

ಎರಡರಲ್ಲೂ ಬರೆದುಕೊಟ್ಟೆ. ಅದು ಇವತ್ತಿಗೂ ನನಗೆ ಹೆಮ್ಮೆ. ಮ್ಯಾನೇಜರು ಖಾದರ್ ಸಾಬರಿಗೆ ಎರಡು ವಾರ ಗಡುವು ಕೊಟ್ಟರು. ಮತ್ತೆ ಕಾಲು ಹಿಡಿದರೆ ಗುಜರಿ ಅಂಗಳವೇ.

ಸೋಮವಾರ ಗಡಿಗೆ ವಾಪಸು ಬಂತು. ಈ ಸಲ ಅದಕ್ಕೆ ಮುಚ್ಚಳ, ಉದ್ದ ಹಿಡಿಯ ಸೌಟು, ಆರು ಲೋಟ, ಪಕ್ಕದಲ್ಲಿ ಸಾಬೂನು. ಬೆರೆಸುವುದಕ್ಕೆ ನನ್ನ ಕುದಿಸಿದ ನೀರೇ. ಲೀಟರಿಗೆ ಅರ್ಧ ಚಿಕ್ಕ ಚಮಚ ಉಪ್ಪು ಎಂದು ಡಾಕ್ಟರು ಹೇಳಿದ್ದರು. ಖಾದರ್ ಸಾಬರ ಮುಷ್ಟಿಯನ್ನು ಚಮಚದಲ್ಲಿ ಅಳೆದು ನೋಡಿದರೆ ಇಡೀ ಗಡಿಗೆಯ ಲೆಕ್ಕಕ್ಕೆ ಹೆಚ್ಚುಕಡಿಮೆ ಅಷ್ಟೇ ಇತ್ತು! ಅವತ್ತು ಹನ್ನೆರಡು ಗಂಟೆಗೆ ಅವರು ಲೇಡಲ್ ಎತ್ತಿದಾಗ ನಾನು ಬಾಗಿಲಲ್ಲಿ ನಿಂತು ಅವರ ಬಲಗಾಲನ್ನೇ ನೋಡುತ್ತಿದ್ದೆ. ಅಚ್ಚಿನವರೆಗೆ ಇಪ್ಪತ್ತು ಹೆಜ್ಜೆ. ಒಂದು ಹನಿಯೂ ಚೆಲ್ಲಲಿಲ್ಲ. ಎರಡು ವಾರವೂ ಚೆಲ್ಲಲಿಲ್ಲ, ಆ ಬೇಸಿಗೆ ಪೂರ್ತಿ ಚೆಲ್ಲಲಿಲ್ಲ.

ಇದನ್ನು ಓದಿ ಯಾರೂ ಕಾಲು ಸೆಳೆತ ಎಂದ ಕೂಡಲೇ ಉಪ್ಪು ನೆಕ್ಕಬಾರದು. ಬಸುರಿಯರಿಗೆ, ವಯಸ್ಸಾದವರಿಗೆ, ಕೆಲವು ಮಾತ್ರೆ ನುಂಗುವವರಿಗೆ ಬರುವ ಸೆಳೆತದ ಕಾರಣ ಬೇರೆ. ಬಿ.ಪಿ. ಇದ್ದವರಿಗೆ ಉಪ್ಪೇ ಕೇಡು. ಒಂದೇ ಕಾಲು ಊದಿ, ಕೆಂಪಾಗಿ ನೋಯುತ್ತಿದ್ದರೆ ತಿಕ್ಕುತ್ತಾ ಕೂರದೆ ಡಾಕ್ಟರ ಹತ್ತಿರ ಓಡಬೇಕು. ನನಗೆ ಕೆಲಸ ಕಲಿಸಿದ ಪಾಠ ಇಷ್ಟೇ. ಒಂದು ವಸ್ತುವನ್ನು ತೆಗೆಸುವ ಮೊದಲು, ಅದನ್ನು ಅಲ್ಲಿ ಯಾಕೆ ಇಟ್ಟಿದ್ದೀರಿ ಎಂದು ಇಟ್ಟವರನ್ನೇ ಕೇಳಬೇಕು.

ಖಾದರ್ ಸಾಬರು 1986ರಲ್ಲಿ ನಿವೃತ್ತರಾದರು. ಕೊನೆಯ ದಿನ ಡಿಸ್ಪೆನ್ಸರಿಗೆ ಬಂದು, "ಒಂದೀಟು ಬರ್ರಿ ಸಿಸ್ಟರ್," ಎಂದು ಕುಲುಮೆಯ ಹತ್ತಿರ ಕರೆದುಕೊಂಡು ಹೋದರು. ಗಡಿಗೆಯ ಮುಚ್ಚಳ ತೆಗೆದು, ಉಪ್ಪಿನ ಡಬ್ಬಿ ನನ್ನ ಮುಂದೆ ಹಿಡಿದರು. "ಇವತ್ತು ನೀವು ಹಾಕ್ರಿ."

ಕೈ ತೊಳೆದು ಬಂದು, ಚಮಚ ಬಿಟ್ಟು, ಮುಷ್ಟಿಯಲ್ಲೇ ಹಾಕಿದೆ. ಲೇಡಲ್ಲಿನವರೆಲ್ಲ ಸುತ್ತ ನಿಂತಿದ್ದರು. ಖಾದರ್ ಸಾಬರು ಒಂದು ಲೋಟ ತುಂಬಿಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಕುಡಿದರು.

"ಸರಿ ಐತೆ," ಎಂದರು.

ನನ್ನ ಸರ್ವಿಸ್ ಫೈಲಿನಲ್ಲಿ ನಾನೇ ಬರೆದ ತಪ್ಪೊಪ್ಪಿಗೆ ಈಗಲೂ ಇರಬಹುದು. ಅದರ ಪಕ್ಕದಲ್ಲಿ ಇರಬೇಕಾದ ಸರ್ಟಿಫಿಕೇಟು ಆ ಎರಡು ಮಾತು.