ಕಚ್ಚದೆ ಬಿಟ್ಟ ಲೋಡು

ಮೊನ್ನೆ ತೀರಿಕೊಂಡ ಕಹಿಯಪ್ಪನಿಗೆ ಆ ಹೆಸರಿಟ್ಟವರು ಹಿಟ್ಟಿನ ಕಾರ್ಖಾನೆಯ ಹಮಾಲರು. ಗೇಟಿಗೆ ಬರುವ ಪ್ರತಿ ಲೋಡು ಮರಗೆಣಸನ್ನೂ ಕಚ್ಚಿ ನೋಡುವುದು ಅವನ ಕೆಲಸ. ಅಲ್ಲೊಂದು ಇಲ್ಲೊಂದು ಗೆಡ್ಡೆ ಎಳೆದು, ತುದಿ ಮುರಿದು, ಹಸಿಯಾಗಿಯೇ ಕಚ್ಚಿ ಉಗುಳುತ್ತಿದ್ದ. ಸಿಹಿ ಅಂದರೆ ಲಾರಿ ಒಳಗೆ, ಕಹಿ ಅಂದರೆ ವಾಪಸ್ಸು.

ಕಹಿ ಗೆಣಸಿನಲ್ಲಿ ವಿಷವಿರುತ್ತದೆ. ತುರಿದು, ನೆನೆಸಿ, ಹಿಂಡಿ, ದಿನಗಟ್ಟಲೆ ಇಟ್ಟರೆ ಮಾತ್ರ ಅದು ಬಾಯಿಗೆ. ಕಾರ್ಖಾನೆಗೆ ಅಷ್ಟು ಪುರಸೊತ್ತೆಲ್ಲಿ? ಕಿತ್ತ ಗೆಣಸು ನೋಡನೋಡುತ್ತಲೇ ಒಳಗೊಳಗೆ ಕಪ್ಪಿಟ್ಟು ಕೊಳೆಯುತ್ತದೆ. ಹಾಗಾಗಿ ಬಂದದ್ದನ್ನು ಬಂದ ಹಾಗೆ ಸುಲಿದು, ಬೇಯಿಸಿ, ಅರೆದು, ಕಾದ ಉರುಳೆಯ ಮೇಲೆ ತೆಳ್ಳಗೆ ಬಳಿದು ಒಣಗಿಸಿ, ಎದ್ದ ಹಾಳೆಯನ್ನು ಪುಡಿ ಮಾಡಿ ಪೊಟ್ಟಣ ಕಟ್ಟುತ್ತಿದ್ದರು. ಬಿಸಿ ನೀರು ಹುಯ್ದು ತಿರುವಿದರೆ ಮಕ್ಕಳಿಗೆ ಗಂಜಿ ರೆಡಿ.

"ಗುರುತಿಲ್ಲದ ಮನೆಗಳ ಮಕ್ಕಳೆಲ್ಲ ನನ್ನ ನಾಲಿಗೆ ಮೇಲೆ ಕೂತಿರ್ತವೆ ಕಣೋ," ಅನ್ನುತ್ತಿದ್ದ. ಮೊದಲೇ ಪುಕ್ಕಲು ಮನುಷ್ಯ. ಬಾಗಿಲ ಚಿಲಕ ಹಾಕಿದ ಮೇಲೂ ಎದ್ದು ಬಂದು ಎಳೆದು ನೋಡುವ ಜಾತಿ.

ಮಗಳಿನ್ನೂ ಪುಟ್ಟವಳಿದ್ದಾಗ ಒಂದು ಬೆಳಿಗ್ಗೆ ಬಂದದ್ದು ಅವನ ಹೆಂಡತಿಯ ತಮ್ಮನ ಲಾರಿ. ಮೊದಲ ಬಾರಿ ಮಾಲು ತಂದಿದ್ದ. ಕಹಿಯಪ್ಪ ಗೆಡ್ಡೆಗೆ ಕೈ ಹಾಕಿದ್ದೇ ತಡ, ಅವನು ಲಾರಿಯ ಮೇಲಿಂದಲೇ ಕೂಗಿದ:

"ಏನ್ ಭಾವ, ನನ್ನ ಗೆಣಸನ್ನೂ ಕಚ್ತೀರಾ? ನಮ್ಮಕ್ಕನ್ನ ಮದುವೆ ಆಗೋವಾಗ ಕಚ್ಚಿ ನೋಡಿದ್ರಾ?"

ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಆಗ ಕಚ್ಚಿದ್ದಿದ್ರೆ ವಾಪಸ್ ಕಳಿಸ್ತಿದ್ದ ಬಿಡು!" ಎಂದ ಒಬ್ಬ. ಕಹಿಯಪ್ಪನ ಮುಖ ಕೆಂಪಾಯಿತು. ಗೆಡ್ಡೆ ಎಸೆದು, ಒಳಗೆ ಹೋಗು ಹೋಗು ಎಂದು ಕೈಬೀಸಿಬಿಟ್ಟ.

ಮಧ್ಯಾಹ್ನ ತೂಕದ ಕಟ್ಟೆಯ ಹತ್ತಿರ ಅದೇ ಲೋಡಿನಿಂದ ಬಿದ್ದ ತುಂಡೊಂದು ಕಾಲಿಗೆ ಸಿಕ್ಕಿತು. ಅಭ್ಯಾಸಬಲದಿಂದ ಒರೆಸಿ ಕಚ್ಚಿದ. ನಾಲಿಗೆಯ ಬುಡದವರೆಗೂ ಕಹಿ.

ಇನ್ನೊಂದು ತುಂಡು ಹುಡುಕಿ ಕಚ್ಚಿದ. ಸಿಹಿ. ಮತ್ತೊಂದು, ಸಿಹಿ. ಒಂದೇ ಒಂದು ಸೇರಿಕೊಂಡಿರಬಹುದು, ಸುಮ್ಮನಿದ್ದುಬಿಡಲೇ ಅನ್ನಿಸಿತು. ಬಾಯಿಬಿಟ್ಟರೆ ಬಾಮೈದನ ಹೊಟ್ಟೆಪಾಡು ಹೋಯಿತು, ತನ್ನದೂ ಹೋಯಿತು. ಅಷ್ಟರಲ್ಲಿ ಅವನ ಹೆಂಡತಿಯ ಜೊತೆ ಪೊಟ್ಟಣ ಕಟ್ಟುವಾಕೆ ಹೊರಬಂದು, "ನಿಮ್ಮನೆಯೋರು ಆಗಲೇ ಹೋದ್ರಲ್ಲ ಅಣ್ಣ. ತಮ್ಮನ ಮಾಲಂತೆ, ಹರಿದ ಪೊಟ್ಟಣ ಆಸೆಯಿಂದ ಎತ್ತಿಕೊಂಡ್ರು," ಎಂದಳು.

ಅವನು ಓಡಿದ. ಸೂಪರ್‌ವೈಸರನ ಕೋಣೆ ಅಲ್ಲೇ ಬಲಕ್ಕಿತ್ತು. ಅತ್ತ ತಿರುಗಿಯೂ ನೋಡದೆ ಗೇಟು ದಾಟಿ ಓಡಿದ.

ಅಡುಗೆಮನೆಯಲ್ಲಿ ಮಗಳು ಬಟ್ಟಲು ಕೆರೆಯುತ್ತಿದ್ದಳು. ಕಿತ್ತುಕೊಂಡ. ತಳ ಕಾಣುತ್ತಿತ್ತು.

"ಏನ್ರೀ ಇದು, ಮಗು ಊಟಕ್ಕೆ ಕೈ ಹಾಕ್ತೀರಾ!"

"ನಿನ್ನ ತಮ್ಮನ ಲೋಡು. ನಾನು ಕಚ್ಚಲಿಲ್ಲ ಕಣೇ."

ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಮಗುವನ್ನು ಸೊಂಟಕ್ಕೆ ಎತ್ತಿಕೊಂಡಳು. ಅವನು ಕೈ ಚಾಚಿದ.

"ಆಸ್ಪತ್ರೆಗೆ ನಾನು ಹೋಗ್ತೀನಿ. ನೀವು ಅಲ್ಲಿಗೆ ಹೋಗಿ."

"ಇವಳು..."

"ಇವಳಿಗೆ ನಾನಿದೀನಿ. ಆ ಪೊಟ್ಟಣದ ಲಾರಿಗೆ ಯಾರಿದಾರೆ? ಹತ್ತಿಸ್ತಾ ಇದಾರೆ ಕಣ್ರೀ, ಹೋಗಿ!"

ಮಗಳು ಅಮ್ಮನ ಹೆಗಲ ಮೇಲಿಂದ ಅವನನ್ನೇ ನೋಡುತ್ತ ಆ ಕಡೆ ಹೋದಳು. ಅವನು ಈ ಕಡೆ. ಆ ದಾರಿಯಷ್ಟು ಉದ್ದದ ದಾರಿ ಆಯುಸ್ಸಿನಲ್ಲೇ ನಡೆದಿಲ್ಲ ಎನ್ನುತ್ತಿದ್ದ. ಪ್ರತಿ ಹೆಜ್ಜೆಗೂ ಹಿಂದಿನಿಂದ ಯಾರೋ ಕೂಗಿದ ಹಾಗೆ. ತಿರುಗಿದರೆ ಬೀದಿ ಖಾಲಿ.

ಲಾರಿ ಅರ್ಧ ತುಂಬಿತ್ತು. ಅದರ ಮುಂದೆ ಹೋಗಿ ನಿಂತುಕೊಂಡು, ಬೆಳಗಿನ ಲೋಡು ಕಹಿ ಎಂದ.

"ಎಷ್ಟು ಗೆಡ್ಡೆ ಕಚ್ಚಿದ್ದೆ?" ಸೂಪರ್‌ವೈಸರ್ ಕೇಳಿದ.

"ಒಂದೂ ಇಲ್ಲ ಸಾರ್."

"ಯಾಕೆ?"

"ನಾಚಿಕೆ ಆಯ್ತು ಸಾರ್."

ಹಮಾಲರಲ್ಲಿ ಯಾರೂ ನಗಲಿಲ್ಲ. ಉರುಳೆಗಳು ನಿಂತವು. ಇಡೀ ಲೋಡಿನ ಹಿಟ್ಟನ್ನು ಬೇರೆ ಕೋಣೆಗೆ ಹಾಕಿ ಬೀಗ ಜಡಿದರು. ಪರೀಕ್ಷೆಯ ಚೀಟಿ ಬಂದಾಗ ಹಿಟ್ಟಿನಲ್ಲಿ ವಿಷವಿದ್ದದ್ದು ಖಾತ್ರಿಯಾಯಿತು. ಗೇಟಿನ ಕೆಲಸ ಹೋಗಿ ಅವನು ಗೆಣಸು ತೊಳೆಯುವ ತೊಟ್ಟಿಯ ಕೆಲಸಕ್ಕೆ ಬಿದ್ದ. ಬಾಮೈದ ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಆದರೆ ಅದೆಲ್ಲ ಆಮೇಲಿನ ಮಾತು. ಅಂದು ಅವನು ಆಸ್ಪತ್ರೆಗೆ ಹೋದಾಗ ಮಗಳು ವಾಂತಿ ಮಾಡಿ ಸುಸ್ತಾಗಿ ಮಲಗಿದ್ದಳು. "ಕತ್ತಲಾಗೋವರೆಗೂ ಉಸಿರು ನೋಡ್ತಾ ಇರಿ, ಏನಾದ್ರೂ ವ್ಯತ್ಯಾಸ ಆದ್ರೆ ಕೂಗಿ," ಅಂದಿದ್ದರು ಡಾಕ್ಟರು. ಗಂಡಹೆಂಡತಿ ಮಂಚದ ಆಚೀಚೆ ಕೂತರು. ಅವರ ನಡುವೆ ಒಂದು ಪುಟ್ಟ ಎದೆ ಏರುತ್ತಿತ್ತು, ಇಳಿಯುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಅವಳು ಕಣ್ಣುಬಿಟ್ಟು, "ಅಪ್ಪಾ, ನನ್ನ ಬಟ್ಟಲು ಯಾಕೆ ಕಿತ್ಕೊಂಡೆ?" ಎಂದು ಜಗಳಕ್ಕೆ ಬಂದಳು.

ಹೆಂಡತಿ ಅತ್ತಳು. ಅವನು ಅಳಲಿಲ್ಲ. ಡಾಕ್ಟರು ಇನ್ನು ಭಯವಿಲ್ಲ ಎಂದು ಹೇಳಿ ಹೋದ ಮೇಲೂ ಆ ಎದೆಯನ್ನೇ ನೋಡುತ್ತ ಕೂತಿದ್ದ.